ಭಾವನ ಸ್ಲೇಟು

ನಮ್ಮ ಭಾವ ಯಾವುದನ್ನೂ ಕೊಳ್ಳುವುದಿಲ್ಲ, ವಿಚಾರಿಸುತ್ತಾರೆ. ಮಿಕ್ಸಿಯನ್ನು ಹದಿನಾಲ್ಕು ತಿಂಗಳು ವಿಚಾರಿಸಿದರು. ಅಷ್ಟರಲ್ಲಿ ಒರಳಲ್ಲಿ ರುಬ್ಬಿ ರುಬ್ಬಿ ಅಕ್ಕನ ಭುಜ ಹಿಡಿದುಕೊಂಡಿತು. ಈಗ ಭುಜದ ನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ವಿಚಾರಿಸುತ್ತಿದ್ದಾರೆ.

ಖಜಾನೆಯಿಂದ ನಿವೃತ್ತರಾದ ಮೇಲೆ ಅವರ ಕಣ್ಣು ನಡುಮನೆಯ ಗೋಡೆಯ ಮೇಲೆ ಬಿತ್ತು. ಅಲ್ಲಿರುವುದು ಅವರ ತಾಯಿಯ ಕಪ್ಪುಬಿಳುಪು ಫೋಟೋ. ಗಾಜಿನೊಳಗೆ ಬೂಷ್ಟು, ಕೆನ್ನೆಯ ಮೇಲೆ ಮಡಿಕೆ ಬಿದ್ದ ಗೆರೆ. ಮುನ್ನೂರು ರೂಪಾಯಿ ಕೊಟ್ಟರೆ ಸರಿಮಾಡಿಕೊಡುತ್ತೇನೆ ಎಂದ ಸ್ಟುಡಿಯೋದವನು. "ಮುನ್ನೂರಾ? ನಾನೇ ಕಲಿತು ಮಾಡ್ತೀನಿ" ಎಂದು ಭಾವ ಎದ್ದುಬಂದರು. ಮೌಸಿನಲ್ಲಿ ಈ ಕೆಲಸ ಮಾಡುವುದೆಂದರೆ ಇಟ್ಟಿಗೆ ಹಿಡಿದು ರಂಗೋಲಿ ಬಿಟ್ಟ ಹಾಗೆ, ಪೆನ್ ಟ್ಯಾಬ್ಲೆಟ್ಟೇ ಬೇಕು ಎಂದು ಮಗ ಬಾಯಿತಪ್ಪಿ ಹೇಳಿಬಿಟ್ಟ. ಮುನ್ನೂರು ಉಳಿಸಲು ಐದಾರು ಸಾವಿರದ ವಿಚಾರಣೆ ಶುರುವಾಯಿತು.

ಬೆಳಗಿನ ಏಳಕ್ಕೆ ನನಗೆ ಫೋನು. "ಏನೋ, ಒತ್ತಡದ ಮಟ್ಟ 4096 ಸಾಕೇನೋ, 8192 ಬೇಕೇನೋ?" ಮೆಲ್ಲಗೆ ಒತ್ತಿದರೆ ಗೆರೆ ತೆಳ್ಳಗೆ, ಜೋರಾಗಿ ಒತ್ತಿದರೆ ದಪ್ಪ, ಆ ಮೆಲ್ಲಗೆಯಿಂದ ಜೋರಿನವರೆಗೆ ಎಷ್ಟು ಮೆಟ್ಟಿಲು ಎನ್ನುವ ಲೆಕ್ಕ ಅದು. ಸಾಕು ಭಾವ, ಅಂದೆ. ಮರುದಿನ, "16384 ಬಂದಿದೆಯಂತೆ. ದುಪ್ಪಟ್ಟು ಆಗ್ತಾ ಹೋಗ್ತಿದೆ ಕಣೋ, ಸ್ವಲ್ಪ ತಡೆಯೋಣ." ಜಪಾನಿನ ವಾಕಾಮ್ 1983ರಿಂದ ಇರುವ ಕಂಪನಿ, ಅದರ ಪೆನ್ನಿಗೆ ಸೆಲ್ಲು ಬೇಡ, ಚಾರ್ಜೂ ಬೇಡ, ಹಲಗೆಯೇ ಅಯಸ್ಕಾಂತ ಕ್ಷೇತ್ರ ಹಬ್ಬಿಸಿ ಪೆನ್ನಿಗೆ ಊಟ ಹಾಕುತ್ತದೆ ಎಂದು ಅಕ್ಕನಿಗೆ ವಿವರಿಸಿದರು. "ಪುಣ್ಯವಂತ ಪೆನ್ನು. ನೀವೂ ಬನ್ನಿ, ಸಾರು ಆರ್ತಿದೆ" ಎಂದಳು ಅಕ್ಕ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ನೋಟ್‌ಬುಕ್ ಹಿಡಿದು ಮೂರು ಸಲ ಹೋದರು. ಮೂರನೆಯ ಸಲ ಅಂಗಡಿಯ ಹುಡುಗ ಇವರನ್ನು ಕಂಪನಿ ಕಡೆಯವರೆಂದುಕೊಂಡು, ಮಾರದೆ ಉಳಿದ ಮಾಲನ್ನು ವಾಪಸ್ ತೆಗೆದುಕೊಳ್ಳಿ ಸಾರ್ ಎಂದು ದುಂಬಾಲು ಬಿದ್ದನಂತೆ. ಕೊನೆಗೆ ಅಕ್ಕನೇ ಮಗನಿಗೆ ಹೇಳಿ ಒಂದನ್ನು ತರಿಸಿ ಮೇಜಿನ ಮೇಲಿಟ್ಟಳು.

ಪರದೆಯಿಲ್ಲದ ಕಪ್ಪು ಹಲಗೆ. ಕೈ ಇಲ್ಲಿ ಬರೆದರೆ ಗೆರೆ ಅಲ್ಲಿ, ಕಂಪ್ಯೂಟರಿನ ಮೇಲೆ. ಭಾವ ಹಲಗೆ ನೋಡಿ ಬರೆದು, ತಲೆಯೆತ್ತಿ ಪರದೆ ನೋಡಿ, ಮತ್ತೆ ಬಗ್ಗಿ, ಕೋಳಿ ನೀರು ಕುಡಿದ ಹಾಗೆ ಹದಿನೈದು ದಿನ ಕಳೆದರು. ಇನ್ನು ಆ ಸಾವಿರಾರು ಮಟ್ಟಗಳ ಮಾತು. ಖಜಾನೆಯಲ್ಲಿ ಮೂವತ್ತು ವರ್ಷ, ಮೂರನೆಯ ಕಾರ್ಬನ್ ಪ್ರತಿಗೂ ಇಳಿಯಬೇಕೆಂದು ಒತ್ತಿ ಒತ್ತಿ ಬರೆದ ಕೈ ಅದು. ಅದಕ್ಕೆ ಗೊತ್ತಿದ್ದದ್ದು ಒಂದೇ ಮಟ್ಟ, ಕಟ್ಟಕಡೆಯದು. ತಿಂಗಳೊಳಗೆ ಪೆನ್ನಿನ ಮೊನೆ ಓರೆಯಾಗಿ ಸವೆಯಿತು.

ಸಾಫ್ಟ್‌ವೇರ್ ವಿಷಯ ಮಾತ್ರ ಐದೇ ನಿಮಿಷದಲ್ಲಿ ಇತ್ಯರ್ಥವಾಯಿತು. ಫೋಟೋಶಾಪಿಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕೆಂದು ತಿಳಿದದ್ದೇ, "ಬಾಡಿಗೆಯಾ? ಮತ್ತೆ ಸಾಲ ಮಾಡಿ ಸ್ವಂತ ಮನೆ ಯಾಕೆ ಕಟ್ಟಿಸಿದೆ ನಾನು?" ಎಂದರು. 1995ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ, ಇವತ್ತಿಗೂ ಪುಕ್ಕಟೆಯಾಗಿರುವ ಜಿಂಪ್ ಮನೆಗೆ ಬಂತು. ಎರಡು ದಿನ ಬ್ರಷ್ಷು ಒಂದು ಚುಕ್ಕೆಯನ್ನೂ ಮೂಡಿಸಲಿಲ್ಲ. ಪುಕ್ಕಟೆಯದು ಅಷ್ಟೇ ಎಂದು ಗೊಣಗಿದರು. ನೋಡಿದರೆ, ಮೂಲೆಯಲ್ಲೆಲ್ಲೋ ಸಾಸಿವೆಯಷ್ಟು ಜಾಗವನ್ನು ಇವರೇ ಸೆಲೆಕ್ಟ್ ಮಾಡಿ ಮರೆತಿದ್ದರು. ಬ್ರಷ್ಷು ಪಾಪ ಆ ಸಾಸಿವೆಯೊಳಗೆ ಬಿಟ್ಟು ಇನ್ನೆಲ್ಲೂ ಬರೆಯುವಂತಿರಲಿಲ್ಲ. ಮೊದಲ ಚಿತ್ರವನ್ನು ಜಿಂಪಿನದೇ ಎಕ್ಸ್‌ಸಿಎಫ್ ಫೈಲಾಗಿ ಬಂಧುಗಳ ವಾಟ್ಸಾಪ್ ಗುಂಪಿಗೆ ಕಳಿಸಿದರು. ಯಾರ ಫೋನಿನಲ್ಲೂ ತೆರೆಯಲಿಲ್ಲ. ಆದರೂ ಹನ್ನೊಂದು ಜನ "ಸೂಪರ್" ಎಂದರು.

ಅವರು ಕಲಿಯಲಿಲ್ಲ ಎನ್ನುವಂತಿಲ್ಲ. "ಲೇಯರ್ ಅಂದ್ರೆ ಚಿರೋಟಿ ಕಣೆ. ಕೆಲಸ ಎಲ್ಲ ಮೇಲಿನ ಪದರದಲ್ಲಿ, ತಳದ ಪದರ ಮುಟ್ಟಬಾರದು" ಎಂದು ಅಕ್ಕನಿಗೆ ಪಾಠ ಹೇಳಿದರು. ಆಮೇಲೆ ನೆಟ್ಟಗೆ ತಳದ ಪದರದಲ್ಲೇ ಕೂತು ಒರೆಸತೊಡಗಿದರು. ಹೀಲ್ ಟೂಲ್ ಎನ್ನುವುದೊಂದಿದೆ. ಪಕ್ಕದ ಚೊಕ್ಕ ಚರ್ಮದ ಮಾದರಿ ತೋರಿಸಿ ಕಲೆಯ ಮೇಲೆ ಉಜ್ಜಿದರೆ ಕಲೆ ಮಾಯ. ಆ ಮಾಯೆಯ ರುಚಿ ಹತ್ತಿದ ಮೇಲೆ ಭಾವನಿಗೆ ಕಂಡದ್ದೆಲ್ಲ ಕಲೆಯೇ.

ಹೋದ ಭಾನುವಾರ ಫೋಟೋ ಗುಂಪಿಗೆ ಬಂತು, ಈ ಸಲ ಎಲ್ಲರಿಗೂ ತೆರೆಯುವಂತೆ. ಬೂಷ್ಟಿಲ್ಲ, ಮಡಿಕೆಯಿಲ್ಲ. ಮೂಗಿನ ಪಕ್ಕ ಒಂದು ಬಿಳಿ ಧೂಳಿನ ಕಣವಿತ್ತಂತೆ, ಅದನ್ನೂ ನಾಜೂಕಾಗಿ ತೆಗೆದಿದ್ದರು. ಅದು ವಜ್ರದ ಮೂಗುಬೊಟ್ಟು.

ಅವರ ತಾಯಿ ತೀರಿಕೊಂಡ ಮೇಲೆ ಆ ಮೂಗುಬೊಟ್ಟು ಎಲ್ಲಿ ಹೋಯಿತೆಂಬ ಪ್ರಶ್ನೆಯ ಮೇಲೆ ಭಾವನ ತಂಗಿಯರಿಬ್ಬರೂ ಒಂಬತ್ತು ವರ್ಷದಿಂದ ಮಾತುಬಿಟ್ಟಿದ್ದಾರೆ. ಹತ್ತೇ ನಿಮಿಷದಲ್ಲಿ ದೊಡ್ಡ ತಂಗಿಯ ಫೋನು. "ಅಣ್ಣಾ, ಇದ್ದಿದ್ದು ಅದೊಂದೇ ಸಾಕ್ಷಿ. ಅವಳ ಮಾತು ಕೇಳ್ಕೊಂಡು ಅದನ್ನೂ ಅಳಿಸಿಬಿಟ್ಯಾ?"

ಚಿಕ್ಕ ತಂಗಿ ಫೋನು ಮಾಡಲಿಲ್ಲ. ಗುಂಪಿನಲ್ಲೇ ಕೈಮುಗಿಯುವ ಚಿತ್ರ ಮೂರು ಹಾಕಿ, ಕೆಳಗೆ ಬರೆದಿದ್ದಳು: "ಅಮ್ಮ ಥೇಟ್ ಹಾಗೇ ಇದ್ದಾಳೆ ಅಣ್ಣಾ."