ವೇರೂಳಿನ ಚಕ್ಕುಬಂದಿ: ಒಂದು ಮಹಾಪ್ರಬಂಧದ ಮೊದಲ ಅಧ್ಯಾಯ

ಊರೊಂದರ ಚರಿತ್ರೆಯನ್ನು ಶಾಸ್ತ್ರೀಯವಾಗಿ ಬರೆಯುವುದನ್ನು ಚೆಕ್ ದೇಶದವರಿಂದ ಕಲಿಯಬೇಕು. ಅಲ್ಲಿ ಆರು ಸಾವಿರಕ್ಕೂ ಮಿಕ್ಕಿ ಗ್ರಾಮಾಡಳಿತಗಳಿವೆ. ಪ್ರತಿಯೊಂದಕ್ಕೂ ಪಟ್ಟಣದಿಂದ ಇಷ್ಟು ದೂರ, ಇಷ್ಟು ಜನ, ಹೆಸರು ಬರವಣಿಗೆಯಲ್ಲಿ ಮೊದಲು ಕಂಡದ್ದು ಇಂಥ ಇಸವಿ ಎಂದು ನಾಲ್ಕು ಸಾಲು ಬರೆದರೆ ಊರಿನ ಋಣ ತೀರಿತು. ಈ ಪದ್ಧತಿಯನ್ನು ಛತ್ರಪತಿ ಸಂಭಾಜಿನಗರ ಜಿಲ್ಲೆ, ಖುಲ್ದಾಬಾದ್ ತಾಲ್ಲೂಕಿನ ವೇರೂಳು ಗ್ರಾಮಕ್ಕೆ ಅನ್ವಯಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಪ್ರವಾಸಿಗರು ಇದನ್ನು ಎಲ್ಲೋರಾ ಎನ್ನುತ್ತಾರೆ. ಪ್ರವಾಸಿಗರ ಮಾತು ಶಾಸ್ತ್ರಕ್ಕೆ ಪ್ರಮಾಣವಲ್ಲ.

ಜಿಲ್ಲಾ ಕೇಂದ್ರದಿಂದ ವಾಯವ್ಯಕ್ಕೆ ಸುಮಾರು 30 ಕಿಲೋಮೀಟರ್. ದಾರಿಯಲ್ಲಿ ದೌಲತಾಬಾದಿನ ಕೋಟೆ, ಖುಲ್ದಾಬಾದಿನಲ್ಲಿ ಔರಂಗಜೇಬನ ಗೋರಿ. ಚಿಲ್ಲರೆ ವಿಷಯ, ಕೈಬಿಟ್ಟಿದ್ದೇವೆ. ಹೊಳೆ ಯೇಳಗಂಗಾ. ನೆಲ ಆರೂವರೆ ಕೋಟಿ ವರ್ಷದ ಹಿಂದೆ ಉಕ್ಕಿ ಹೆಪ್ಪುಗಟ್ಟಿದ ಕರಿಗಲ್ಲು. ಪಹಣಿಯ ಬೆಳೆ ಕಾಲಮ್ಮಿನಲ್ಲಿ ‘ಗುಹೆ’ ಎಂದೇ ಬರೆಯತಕ್ಕದ್ದು: ಒಟ್ಟು 34. ಬೌದ್ಧರ ಖಾತೆಗೆ 12, ವೈದಿಕರಿಗೆ 17, ಜೈನರಿಗೆ 5. ಹದಿನೈದನೆಯದು ಬೌದ್ಧ ವಿಹಾರವಾಗಿ ಶುರುವಾಗಿ ಆಮೇಲೆ ದಶಾವತಾರ ಗುಡಿಯಾಯಿತೆಂದು ಕೆಲವು ವಿದ್ವಾಂಸರ ಗುಮಾನಿ. ಒತ್ತುವರಿಯೋ ಕ್ರಯವೋ, ಪತ್ರ ಸಿಕ್ಕಿಲ್ಲ.

ಇನ್ನು ಚಕ್ಕುಬಂದಿ. ಇಲ್ಲೇ ಇರುವುದು ತೊಡಕು. ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದ ಶ್ರೀವಿಜಯ ಕವಿರಾಜಮಾರ್ಗದಲ್ಲಿ ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಅಳೆದುಕೊಟ್ಟಿದ್ದಾನೆ. ಭಾಷಣಕಾರರೆಲ್ಲ ಈ ಅಳತೆಯನ್ನು ಒಪ್ಪಿದ್ದಾರೆ, ಆದರೆ ಟೇಪು ಹಿಡಿದು ನೋಡಿದವರು ಕಡಿಮೆ. ನಾವು ನಾಸಿಕದಲ್ಲಿ ಹಿಡಿದೆವು. ಅಲ್ಲಿ ಹಳೇ ಪೇಟೆ ಗೋದಾವರಿಯ ಬಲದಂಡೆಗೆ, ಪಂಚವಟಿ ಎಡದಂಡೆಗೆ. ಅಂದಮೇಲೆ ಪೇಟೆಯಲ್ಲಿ ಕೂತು ಮಿಸಳ್ ತಿನ್ನುವವರು ಅಪ್ಪಟ ಕನ್ನಡನಾಡಿನವರು. ಸೇತುವೆ ದಾಟಿ ಕಾಳಾರಾಮನ ಗುಡಿಗೆ ಹೋದರೆ ಪರದೇಶ. ಶ್ರೀರಾಮ ಪಂಚವಟಿಯಲ್ಲಿದ್ದ ಕಾಲವನ್ನು ವನವಾಸವೆಂದು ಏಕೆ ಕರೆದರೆಂಬುದಕ್ಕೂ ಇದರಿಂದ ಉತ್ತರ ಸಿಕ್ಕಿತು.

ವೇರೂಳಾದರೋ ಗೋದಾವರಿಯ ಉತ್ತರಕ್ಕೇ ಬೀಳುತ್ತದೆ. ಅಂದರೆ ನೃಪತುಂಗನ ಮುತ್ತಜ್ಜ ಒಂದನೇ ಕೃಷ್ಣ ಎಂಟನೇ ಶತಮಾನದಲ್ಲಿ ಇಲ್ಲಿ ಕೈಲಾಸ ಗುಡಿಯನ್ನು ಕಡೆಸಿದ. ಮರಿಮಗನ ಆಸ್ಥಾನಕವಿ ಅದನ್ನು ನಕ್ಷೆಯಿಂದ ಹೊರಗಿಟ್ಟ! ವಂಶದ ಅತಿ ದೊಡ್ಡ ಆಸ್ತಿಯೇ ಗಡಿಯಾಚೆ. ಪೂರ್ವಪಕ್ಷದವರು ಹೇಳುವುದು: ಕವಿ ಹೇಳಿದ್ದು ಭಾಷೆಯ ಎಲ್ಲೆ, ರಾಜ್ಯದ್ದಲ್ಲ. ಇದು ತೀರಾ ಸಮಂಜಸವಾದ ಮಾತಾದ್ದರಿಂದ ಇದನ್ನು ತಿರಸ್ಕರಿಸಿದ್ದೇವೆ. ಗೋದಾವರಿಯೇ ದಾರಿ ತಪ್ಪಿ ದಕ್ಷಿಣಕ್ಕೆ ಸರಿದಿದೆ ಎಂಬುದು ನಮ್ಮ ಸಿದ್ಧಾಂತ.

ರಾಷ್ಟ್ರಕೂಟರ ವಿಳಾಸಗಳೂ ಹೀಗೇ ಕೈಗೆ ಸಿಗುವುದಿಲ್ಲ. ನಾಸಿಕ ಜಿಲ್ಲೆಯ ವಣಿ-ದಿಂಡೋರಿಯಲ್ಲಿ ಸಿಕ್ಕ ಮೂರನೇ ಗೋವಿಂದನ ತಾಮ್ರಪಟ ಮಯೂರಖಂಡಿಯಿಂದ ಹೊರಟಿದೆ. ಅದು ಅಲ್ಲಿಯ ಮಾರ್ಕಿಂಡಾ ಕೋಟೆ ಎಂದು ಒಂದು ಪಕ್ಷ, ಬೀದರ್ ಜಿಲ್ಲೆಯ ಮೋರಖಂಡಿ ಎಂದು ಇನ್ನೊಂದು. ನಾವು ಬೀದರಿನ ಕಡೆ. ಕಾರಣ ಕೇಳಬಾರದು.

ಇನ್ನು ಕೈಲಾಸ ಗುಡಿಯ ಕಟ್ಟಡ ಪರವಾನಗಿಯ ವಿಚಾರಕ್ಕೆ ಬರೋಣ. ಮರಾಠಿಯ ‘ಕಥಾಕಲ್ಪತರು’ ಹೇಳುವ ಪ್ರಕಾರ, ರಾಜನ ರೋಗ ವಾಸಿಯಾಗಲೆಂದು ರಾಣಿ ಮಾಣಿಕಾವತಿ ಶಿವನಿಗೆ ಗುಡಿ ಹರಸಿಕೊಂಡಳು. ಶಿಖರ ಕಾಣುವವರೆಗೆ ಉಪವಾಸ ಎಂದೂ ಹಟ ಹಿಡಿದಳು. ಶಿಲ್ಪಿಗಳೆಲ್ಲ ಕೈಚೆಲ್ಲಿದರು. ಲೆಕ್ಕ ಸರಿಯೇ, ಪಾಯ ತೋಡಿ ಶಿಖರ ಮುಟ್ಟುವಷ್ಟರಲ್ಲಿ ರಾಣಿಯ ತಿಥಿ ಆಗಿರುತ್ತಿತ್ತು. ಆಗ ಪೈಠಣದ ಕೋಕಸನೆಂಬವನು ಬಂದು, ವಾರದೊಳಗೆ ಶಿಖರ ತೋರಿಸುತ್ತೇನೆಂದು ಗುಡ್ಡದ ನೆತ್ತಿಯಿಂದ ಉಳಿ ಹಿಡಿದ. ರಾಣಿ ಉಂಡಳು. ಕಥೆ ಕಥೆಯೇ ಇರಲಿ, ಗುಡಿಯನ್ನು ಮೇಲಿನಿಂದ ಕೆಳಕ್ಕೆ ಕಡೆದದ್ದು ಮಾತ್ರ ನಿಜ. ಇಟ್ಟ ಕಲ್ಲು ಒಂದೂ ಇಲ್ಲ, ತೆಗೆದ ಕಲ್ಲು ಎರಡು ಲಕ್ಷ ಟನ್ನೆಂದು ಅಂದಾಜು. ಶಂಕುಸ್ಥಾಪನೆ ಎಲ್ಲಿ ನಡೆಯಿತು, ಯಾವ ಗಣ್ಯರ ಹೆಸರಿನ ಫಲಕ ಹಾಕಿದರು? ಪಾಯವೇ ಇಲ್ಲದಿದ್ದರೆ ಇದೆಲ್ಲ ಹೇಗೆ ಸಾಧ್ಯ? ಗಣ್ಯರಿಲ್ಲದೆ ನಡೆದ ಕಾಮಗಾರಿ ಎಂಬ ಕಾರಣಕ್ಕೇ ಅದು ಮುಗಿಯಿತೆಂದು ನಮ್ಮ ಅನುಮಾನ.

ಮಧ್ಯದ ಕೆಲವು ಶತಮಾನಗಳನ್ನು ಜಾಗದ ಅಭಾವದಿಂದ ಹಾರಿಸಿದ್ದೇವೆ. ಶಿವಾಜಿಯ ಅಜ್ಜ ಮಾಲೋಜಿ ಭೋಸಲೆಯ ಮನೆತನಕ್ಕೆ ಈ ಊರಿನ ಪಾಟೀಲಕಿ ಇತ್ತು. ಘೃಷ್ಣೇಶ್ವರನ ಗುಡಿಯನ್ನು ಅವನು ಒಮ್ಮೆ, ಅಹಲ್ಯಾಬಾಯಿ ಹೋಳ್ಕರ್ ಇನ್ನೊಮ್ಮೆ ಜೀರ್ಣೋದ್ಧಾರ ಮಾಡಿಸಿದರು. ಆ ಗುಡಿ ಬುಡದಿಂದ ಮೇಲಕ್ಕೇ ಎದ್ದಿದೆ, ಆದ್ದರಿಂದ ಚರ್ಚೆಗೆ ಆಸ್ಪದವಿಲ್ಲ.

ಉಳಿದದ್ದು ಕೈಲಾಸದ ಕಾಮಗಾರಿ ಮುಗಿದ ಪ್ರಮಾಣಪತ್ರ. ಅದೂ ಇದೆ: ಗುಜರಾತ್ ಶಾಖೆಯ ಕರ್ಕನ 812ರ ಬರೋಡಾ ತಾಮ್ರಪಟ. ಏಲಾಪುರದ, ಅಂದರೆ ವೇರೂಳಿನ, ಗುಡಿಯನ್ನು ಕಂಡು ವಿಮಾನದಲ್ಲಿ ಹೋಗುತ್ತಿದ್ದ ದೇವತೆಗಳು ಬೆರಗಾದರಂತೆ. ಮಾಡಿದ ಶಿಲ್ಪಿಯೂ, ಇದನ್ನು ನಾನು ಹೇಗೆ ಮಾಡಿದೆನೋ, ಇನ್ನೊಮ್ಮೆ ನನ್ನಿಂದಾಗದು ಎಂದನಂತೆ. ಹೀಗೆ ಬರೆದುಕೊಟ್ಟ ಇಂಜಿನಿಯರನ್ನು ಇಂದಾಗಿದ್ದರೆ ಸಂಜೆಯೊಳಗೆ ಅಮಾನತು ಮಾಡಿ, ತನಿಖೆಗೆ ಸಮಿತಿ ನೇಮಿಸುತ್ತಿದ್ದರು.