ನೆಕ್ಸ್ಟ್-ಬಟನ್ ಮೀಮಾಂಸೆ: ಆನ್‌ಲೈನ್ ಸುರಕ್ಷಿತ ಚಾಲನಾ ಶಿಕ್ಷಣದ ತಾತ್ವಿಕ ನೆಲೆಗಳು

ಪ್ರಸ್ತಾವನೆ

ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ಎಂದೂ ಬರವಿರಲಿಲ್ಲ. ಅಡುಗೆಗೆ ಮೂರನೆಯ ಮಂಗರಸನ ಸೂಪಶಾಸ್ತ್ರವಿದೆ, ವಿಷ ಇಳಿಸಲು ಮಂಗರಾಜನ ಖಗೇಂದ್ರಮಣಿದರ್ಪಣವಿದೆ, ಮಳೆ ನೋಡಲು ರಟ್ಟಕವಿಯ ರಟ್ಟಮತವಿದೆ. ಆದರೆ ಸಿಗ್ನಲ್ಲಿನ ಬಿಳಿಗೆರೆಯ ಮೇಲೆ ಮುಂದಿನ ಚಕ್ರ ಇಟ್ಟಿದ್ದಕ್ಕೆ ದಂಡ ಕಟ್ಟಿ, ಅದರ ಮೇಲೆ ಕಂಪನಿ ಹೇರಿದ ಆನ್‌ಲೈನ್ ಸುರಕ್ಷಿತ ಚಾಲನಾ ಕೋರ್ಸಿಗೂ ಕೂರುವ ಜೀವಿಯ ಲಕ್ಷಣ, ಗತಿ, ಮೋಕ್ಷಗಳನ್ನು ಕುರಿತು ಒಂದು ಗ್ರಂಥವೂ ಇಲ್ಲ. ಇದು ನಮ್ಮ ಜ್ಞಾನಪರಂಪರೆಯ ದೊಡ್ಡ ಕೊರತೆ ಎಂದು ವಿದ್ವಾಂಸರು (ಅಂದರೆ ನಾನು) ಬಹುಕಾಲದಿಂದ ಮರುಗುತ್ತಿದ್ದರು. ಆ ಕೊರತೆ ನೀಗಲೆಂದು ಈ ಕಿರುಪ್ರಬಂಧ.

ಅಧ್ಯಯನದ ವ್ಯಾಪ್ತಿ: ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ. ಅಧ್ಯಯನದ ವಿಧಾನ: ಟ್ರಾಫಿಕ್ಕಿನಲ್ಲಿ ನಿಲ್ಲುವುದು. ಅಧ್ಯಯನದ ಮಿತಿ: ಟ್ರಾಫಿಕ್ಕಿನಲ್ಲಿ ನಿಂತಿದ್ದರಿಂದ ಮುಂದಿನ ವಾಹನದ ಹಿಂಭಾಗದ ಆಚೆಗಿನ ಸತ್ಯ ಗೋಚರಿಸಲಿಲ್ಲ.

ಐತಿಹಾಸಿಕ ಹಿನ್ನೆಲೆ

ಬೆಂಗಳೂರಿನ ಸಂಚಾರ ದಂಡನೆಯ ಇತಿಹಾಸವನ್ನು ಅನುಸಂಧಾನದ ಅನುಕೂಲಕ್ಕಾಗಿ ನಾಲ್ಕು ಯುಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಮರದಮರೆಯ ಯುಗ. ತಿರುವಿನಲ್ಲಿ ಮರದ ಹಿಂದಿನಿಂದ ಪೇದೆಯೊಬ್ಬರು ಪ್ರತ್ಯಕ್ಷರಾಗಿ ಗಾಡಿಯ ಕೀಲಿ ಕಿತ್ತುಕೊಳ್ಳುತ್ತಿದ್ದ ಕಾಲ. ಆಗ ದಂಡಕ್ಕೆ ಒಂದು ಮುಖವಿತ್ತು, ಚೌಕಾಸಿಗೆ ಅವಕಾಶವಿತ್ತು. ಎರಡನೆಯದು ಕ್ಯಾಮೆರಾ ಯುಗ. 2022ರ ಡಿಸೆಂಬರ್‌ನಲ್ಲಿ ನಗರದ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಕೆಂಪುದೀಪ ದಾಟಿದವರನ್ನು ಹಿಡಿಯುವ 80 ಕ್ಯಾಮೆರಾ ಕಣ್ತೆರೆದವು. ಮರಗಳನ್ನು ಹೇಗೂ ಕಡಿದಾಗಿತ್ತು.

ಮೂರನೆಯದು ರಿಯಾಯಿತಿ ಯುಗ. 2023ರ ಫೆಬ್ರವರಿಯಲ್ಲಿ ಬಾಕಿ ದಂಡದ ಅರ್ಧ ಕಟ್ಟಿದರೆ ಸಾಕು, ಉಳಿದರ್ಧ ಮನ್ನಾ ಎಂದು ಸರ್ಕಾರ ಸಾರಿತು. ಜನ ಆಷಾಢದ ಸೀರೆ ಸೇಲಿಗೆ ಮುಗಿಬಿದ್ದಂತೆ ಮುಗಿಬಿದ್ದರು. ಕೆಲವೇ ದಿನಗಳಲ್ಲಿ 100 ಕೋಟಿಗೂ ಹೆಚ್ಚು ವಸೂಲಾಯಿತು. ಆ ವರ್ಷವೇ ಮತ್ತೆ ಕೊಟ್ಟರು, 2025ರಲ್ಲೂ ಕೊಟ್ಟರು. ಪಾಪವನ್ನು ತಡಮಾಡಿ ತೊಳೆದುಕೊಂಡವನಿಗೆ ಅರ್ಧ ಬೆಲೆ, ಮರುದಿನವೇ ತೊಳೆದುಕೊಂಡವನಿಗೆ ಪೂರ್ತಿ ಬೆಲೆ ಎಂಬ ಈ ಕರ್ಮಸಿದ್ಧಾಂತ ಭಾರತೀಯ ದರ್ಶನಗಳಲ್ಲಿ ಬೇರೆಲ್ಲೂ ಸಿಗದು.

ನಾಲ್ಕನೆಯದು, ನಮ್ಮ ಅಧ್ಯಯನಕ್ಕೆ ನೇರ ಸಂಬಂಧಪಟ್ಟದ್ದು, ಮ್ಯಾನೇಜರ್ ಯುಗ. 2023ರ ಡಿಸೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್ ಭಾಗದಲ್ಲಿ ಸಂಚಾರ ಪೊಲೀಸರು ಪ್ರಾಯೋಗಿಕವಾಗಿ ಒಂದು ಪದ್ಧತಿ ಶುರುಮಾಡಿದರು. ನಿಯಮ ಮುರಿದ ಐಟಿ ನೌಕರರ ವಿವರ ಅವರ ಕಂಪನಿಗೇ ಹೋಗತೊಡಗಿತು. ಸಂಸಾರಸ್ಥ, ಗೃಹಸಾಲಗಾರ, ಎರಡು ಮಕ್ಕಳ ತಂದೆಯೊಬ್ಬ ಹೋಪ್ ಫಾರ್ಮ್ ಸಿಗ್ನಲ್ಲಿನಲ್ಲಿ ಏನು ಮಾಡಿದನೆಂಬುದು ಅವನ ಹೆಂಡತಿಗಿಂತ ಮೊದಲು ಎಚ್ಆರ್ ಇಲಾಖೆಗೆ ಗೊತ್ತಾಗುವ ವ್ಯವಸ್ಥೆ. ಇಂಥ ಪತ್ರ ಕೈಗೆ ಬಂದ ಕಂಪನಿ ಸುಮ್ಮನಿರಲಾಗದು, ಏನಾದರೂ ಮಾಡಲೇಬೇಕು. ಏನಾದರೂ ಮಾಡಬೇಕಾಗಿ ಬಂದಾಗಲೆಲ್ಲ ಕಂಪನಿಗಳು ಮಾಡುವುದು ಒಂದೇ: ಒಂದು ಆನ್‌ಲೈನ್ ಕೋರ್ಸ್ ಕೊಳ್ಳುತ್ತವೆ.

ಈ ಕೋರ್ಸಿಗೆ ಶ್ರುತಿಪ್ರಮಾಣವೂ ಉಂಟೆಂದು ಅದರ ಭಕ್ತರು ವಾದಿಸುತ್ತಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಅನರ್ಹತೆಗೆ ಒಳಗಾದವನ ಲೈಸೆನ್ಸ್ ಮರಳಿ ಸಿಗಬೇಕಾದರೆ ಆತ ಪುನಶ್ಚೇತನ ತರಬೇತಿ ಮುಗಿಸಿರಬೇಕು. ಆದರೆ ಅದು ಲೈಸೆನ್ಸ್ ಕಳೆದುಕೊಂಡವನಿಗೆ. ಬಿಳಿಗೆರೆ ತುಳಿದವನಿಗೆ ಅದನ್ನು ಅನ್ವಯಿಸುವುದು ಅತಿವ್ಯಾಪ್ತಿ ದೋಷ ಎಂದು ತಾರ್ಕಿಕರು ಹೇಳಿಯಾರು. ಎಚ್ಆರ್ ಇಲಾಖೆಯಲ್ಲಿ ತಾರ್ಕಿಕರಿಲ್ಲ.

ಲೇಖನ ಸಂಪ್ರದಾಯವೆಂಬ ಇನ್ನೊಂದು ಶಾಖೆಯನ್ನೂ ಇಲ್ಲಿ ನೆನೆಯಬೇಕು. 2023ರ ಫೆಬ್ರವರಿಯಲ್ಲಿ ಕುಡಿದು ಬಸ್ಸು ಓಡಿಸಿ ಸಿಕ್ಕಿಬಿದ್ದವರನ್ನು ಬೆಂಗಳೂರು ಪೊಲೀಸರು ಠಾಣೆಯಲ್ಲಿ ಕೂರಿಸಿ, ಇನ್ನು ಕುಡಿದು ಓಡಿಸುವುದಿಲ್ಲ ಎಂದು 1000 ಸಲ ಬರೆಸಿದರು. ಶಾಲಾ ಬಸ್ ಚಾಲಕರೂ ಅವರಲ್ಲಿದ್ದರು. ಪಂಡಿತರು ಇದನ್ನು ಹಳೇಕಾಲದ್ದೆಂದು ಹಳಿಯುತ್ತಾರೆ. ನನಗೇನೋ ಇದರ ಮೇಲೆ ಗೌರವ. ಅಲ್ಲಿ ಕನಿಷ್ಠ ಕೈ ನೋಯುತ್ತದೆ.

ಕೋರ್ಸಿನ ಸ್ವರೂಪಲಕ್ಷಣ

ಮಾಂಡೂಕ್ಯದವರು ಪ್ರಜ್ಞೆಗೆ ನಾಲ್ಕು ಅವಸ್ಥೆಗಳೆಂದರು. ಆನ್‌ಲೈನ್ ಕೋರ್ಸಿಗೂ ನಾಲ್ಕೇ. ಮೊದಲ ಸ್ಲೈಡಿನಲ್ಲಿ ಜಾಗ್ರತ್: ಟೈ ಕಟ್ಟಿದ ಗೊಂಬೆಯೊಂದು ಕೈಬೀಸಿ ಸುರಕ್ಷತೆ ನಿಮ್ಮಿಂದಲೇ ಆರಂಭ ಎನ್ನುತ್ತದೆ. ಹತ್ತನೆಯ ಸ್ಲೈಡಿನ ಹೊತ್ತಿಗೆ ಸ್ವಪ್ನ: ಹಳದಿ ಎಲೆ ಉದುರುವ ಮರಗಳ ನಡುವೆ ಒಂದೇ ಒಂದು ಕಾರು, ಅದರ ಮುಂದೆ ನಯವಾದ ಕಪ್ಪು ರಸ್ತೆ, ಎರಡೂ ಬದಿಗೆ ಫುಟ್‌ಪಾತು. ಇದು ಯಾವ ಲೋಕವೆಂಬುದರಲ್ಲಿ ಭಾಷ್ಯಕಾರರಿಗೆ ಒಮ್ಮತವಿಲ್ಲ. ವರ್ತೂರು ಕೋಡಿಯಲ್ಲ ಎಂಬುದರಲ್ಲಿ ಮಾತ್ರ ಇದೆ. ಇಪ್ಪತ್ತನೆಯದರ ಹೊತ್ತಿಗೆ ಸುಷುಪ್ತಿ. ಇವು ಮೂರನ್ನೂ ಮೀರಿದ, ವರ್ಣನೆಗೆ ನಿಲುಕದ ತುರೀಯವೇ ನೆಕ್ಸ್ಟ್ ಬಟನ್.

ನೆಕ್ಸ್ಟ್ ಬಟನ್ ಮೂಲತಃ ಬೂದುಬಣ್ಣದ್ದು. ಸ್ಲೈಡಿನ ಧ್ವನಿ ತನ್ನ ಕೊನೆಯ ಅಕ್ಷರವನ್ನು ಉಸುರುವ ತನಕ ಅದು ಒತ್ತಿದರೂ ಒತ್ತಿಸಿಕೊಳ್ಳುವುದಿಲ್ಲ. ಈ ಸ್ಥಿತಿಗೆ ಪ್ರಬಂಧಕಾರನು ‘ಪ್ರತಿಬದ್ಧಾಗ್ರಗಮನ ವಿನ್ಯಾಸ’ ಎಂಬ ಹೆಸರನ್ನು ಸೂಚಿಸುತ್ತಾನೆ. ನಂತರ ಅದು ನೀಲಿಯಾಗುತ್ತದೆ. ಬೂದುಬಣ್ಣದಿಂದ ನೀಲಿಗೆ ತಿರುಗುವ ಆ ಕ್ಷಣಕ್ಕೆ ‘ವರ್ಣಾಂತರಾನುಗ್ರಹ’. ಬೆರಳು ಒತ್ತುವುದು ‘ಅಂಗುಲೀಪ್ರತ್ಯಯ’. ಮತ್ತೆ ಬೂದು. ಈ ಚಕ್ರದಿಂದ ಬಿಡುಗಡೆ ಎಂದರೆ ಸರ್ಟಿಫಿಕೇಟು. ಇಡೀ ಕೋರ್ಸಿನಲ್ಲಿ ಶಿಕ್ಷಾರ್ಥಿಗೆ ನಿಜವಾಗಿ ಕಲಿಸುವ ವಿದ್ಯೆ ಬಣ್ಣ ಬದಲಾಗುವವರೆಗೆ ಕಾಯುವುದು ಒಂದೇ. ಅದನ್ನು ಆತ ಮಾರತ್ತಹಳ್ಳಿಯಲ್ಲಿ ಎಂದೋ ಕಲಿತಿದ್ದಾನೆ.

ಶಿಕ್ಷಾರ್ಥಿಗಳ ನವವಿಧ ವರ್ಗೀಕರಣ

ಶಿಕ್ಷಾರ್ಥಿಗಳು ಒಂಬತ್ತು ವಿಧ.

ಮೊದಲನೆಯವನು ಮೌನಟ್ಯಾಬಿ. ಕೋರ್ಸಿನ ಬಾಯಿ ಮುಚ್ಚಿಸಿ, ಇನ್ನೊಂದು ಟ್ಯಾಬಿನಲ್ಲಿ ಕೋಡು ಬರೆಯುವವನು. ಎರಡನೆಯವನು ಪರಹಸ್ತಿ. ಹೊಸದಾಗಿ ಸೇರಿದ ಹುಡುಗನಿಗೆ ಲಾಗಿನ್ ಕೊಟ್ಟು, ನೀಲಿಯಾದಾಗ ಒತ್ತುತ್ತಿರು ಎನ್ನುವವನು. ಹೀಗೆ ಲೈಸೆನ್ಸೇ ಇಲ್ಲದ ಹುಡುಗನೊಬ್ಬ ಹಲವು ಹಿರಿಯರ ಹೆಸರಿನಲ್ಲಿ ಸುರಕ್ಷಿತ ಚಾಲಕನಾಗಿ ಉತ್ತೀರ್ಣನಾಗುತ್ತಾನೆ. ಮೂರನೆಯವನು ನಿಷ್ಠಾವಂತ: ಟಿಪ್ಪಣಿ ಮಾಡಿಕೊಳ್ಳುವವನು. ಇವನನ್ನು ಗ್ರಂಥಗಳಲ್ಲಿ ಹೇಳಿದೆ, ಕಂಡವರಿಲ್ಲ.

ನಾಲ್ಕನೆಯವನು ಚಲಚ್ಛ್ರಾವಕ, ಈ ವರ್ಗೀಕರಣದ ಕಿರೀಟ. ಮನೆಯಲ್ಲಿ ಬಿಡುವಿಲ್ಲ, ಆಫೀಸಿನಲ್ಲಿ ಬಿಡುವಿಲ್ಲ. ಬಿಡುವಿರುವುದು ಬೊಮ್ಮನಹಳ್ಳಿಗೂ ಸಿಲ್ಕ್ ಬೋರ್ಡಿಗೂ ನಡುವೆ ಮಾತ್ರ. ಆದ್ದರಿಂದ ಫೋನನ್ನು ಹ್ಯಾಂಡಲಿಗೆ ಸಿಕ್ಕಿಸಿ, ಚಾಲನೆ ಮಾಡುವಾಗ ಫೋನ್ ನೋಡಬೇಡಿ ಎಂಬ ಸ್ಲೈಡನ್ನು ಚಾಲನೆ ಮಾಡುತ್ತಲೇ ನೋಡುತ್ತಾನೆ. ತಲೆಯ ಮೇಲೆ 2010ರಲ್ಲಿ ತೆರೆದ ಹತ್ತು ಕಿಲೋಮೀಟರ್ ಉದ್ದದ ಎತ್ತರಿಸಿದ ರಸ್ತೆ, ಸುಂಕ ಕೊಟ್ಟವರಿಗೆ. ಕೆಳಗೆ ಇವನು, ಕೋರ್ಸಿನೊಂದಿಗೆ.

ಉಳಿದ ಐದು ವಿಧಗಳನ್ನು ವಿಸ್ತಾರಭಯದಿಂದ ಬಿಡಲಾಗಿದೆ. ಹೌದು, ಬಿಡಲಾಗಿದೆ. ಒಂಬತ್ತು ಎಂದಿದ್ದು ಗಾಂಭೀರ್ಯಕ್ಕೆ.

ಪ್ರಶ್ನೋತ್ತರ ಪ್ರಕರಣ

ಪ್ರಶ್ನೆ: ಹಿಮ ಬಿದ್ದ ರಸ್ತೆಯಲ್ಲಿ ವಾಹನ ಜಾರಿದರೆ ಸ್ಟಿಯರಿಂಗ್ ಯಾವ ಕಡೆ ತಿರುಗಿಸಬೇಕು? ಇದಕ್ಕೆ ಕಾಡುಗೋಡಿಯ ಶಿಕ್ಷಾರ್ಥಿ ಸರಿಯುತ್ತರ ಕೊಡಬೇಕು. ಮಳೆಗಾಲದಲ್ಲಿ ಪಣತ್ತೂರಿನ ರೈಲ್ವೆ ಕೆಳಸೇತುವೆ ತುಂಬಿದಾಗ ಏನು ಮಾಡಬೇಕೆಂದು ಯಾರೂ ಕೇಳುವುದಿಲ್ಲ. ನೀರಿನ ಟ್ಯಾಂಕರು ಎದುರಿನಿಂದ, ನಿಮ್ಮದೇ ಬದಿಯಲ್ಲಿ, ಹಾರ್ನು ಹೊಡೆಯುತ್ತ ಬಂದಾಗ ಯಾರಿಗೆ ಆದ್ಯತೆ ಎಂದೂ ಕೇಳುವುದಿಲ್ಲ. (ಸರಿಯುತ್ತರ: ಟ್ಯಾಂಕರಿಗೆ.)

ಪ್ರಶ್ನೆ: ಮುಂದಿನ ವಾಹನದಿಂದ ಎಷ್ಟು ಅಂತರ ಕಾಯ್ದುಕೊಳ್ಳಬೇಕು? ಉತ್ತರ: ಕನಿಷ್ಠ ಎರಡು ಸೆಕೆಂಡು. ಕುಂದಲಹಳ್ಳಿ ಗೇಟಿನಲ್ಲಿ ಪ್ರಬಂಧಕಾರನು ಈ ಸೂತ್ರವನ್ನು ಪ್ರಯೋಗಕ್ಕೆ ಒಡ್ಡಿದನು. ಬಿಟ್ಟ ಅಂತರದಲ್ಲಿ ಆಟೋ, ಅದರ ಹಿಂದೆ ಸ್ಕೂಟರು, ಸ್ಕೂಟರಿನ ಪಕ್ಕಕ್ಕೆ ಊಟದ ಪೆಟ್ಟಿಗೆ ಹೊತ್ತ ಬೈಕು ಬಂದು ಸೇರಿದವು. ಅವುಗಳಿಂದಲೂ ಎರಡು ಸೆಕೆಂಡು ಬಿಡಲು ಹೋದರೆ ಮನೆಯ ಕಡೆಗೇ ಹಿಂದೆ ಸರಿಯಬೇಕಾಗುತ್ತದೆ.

ಪ್ರಶ್ನೆ: ಜೀಬ್ರಾ ಪಟ್ಟೆಯ ಮೇಲೆ ಪಾದಚಾರಿ ಕಂಡರೆ? ಉತ್ತರ: ನಿಲ್ಲಿಸಿ, ದಾರಿ ಬಿಡಿ. ಉತ್ತಮ ಉತ್ತರ, ಪ್ರಬಂಧಕಾರನು ಪೂರ್ಣಾಂಕ ಕೊಡುತ್ತಾನೆ. ಜೀಬ್ರಾ ಪಟ್ಟೆ ಎಲ್ಲಿದೆ ಎಂಬುದು ಪಠ್ಯದ ಹೊರಗಿನ ಪ್ರಶ್ನೆ. ಸವೆದುಹೋದ ಬಿಳಿಗೆರೆ ಕ್ಯಾಮೆರಾದ ಕಣ್ಣಿಗೆ ಮಾತ್ರ ಕಾಣುವುದು ಹೇಗೆ ಎಂಬುದೂ ಹೊರಗಿನದೇ.

ಪೂರ್ವಪಕ್ಷ ಮತ್ತು ಖಂಡನೆ

ಪೂರ್ವಪಕ್ಷ: ಅಯ್ಯಾ, ನಿಯಮ ನಿಯಮವೇ. ಕೇಂದ್ರ ಸರ್ಕಾರದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ 100ಕ್ಕೆ 71ರಷ್ಟು ಸಾವಿಗೆ ಅತಿವೇಗ ಕಾರಣ ಎಂದು ದಾಖಲಾಗಿದೆ. ಚಾಲಕನಿಗೆ ಬುದ್ಧಿ ಹೇಳದೆ ಇನ್ನಾರಿಗೆ ಹೇಳುವುದು?

ಖಂಡನೆ: ಒಪ್ಪಿದೆ. ಹೆಲ್ಮೆಟ್ ತಲೆ ಉಳಿಸುತ್ತದೆ, ವೇಗ ಕೊಲ್ಲುತ್ತದೆ, ಕುಡಿದು ಓಡಿಸುವವನು ಕೊಲೆಗಾರನಿಗೆ ಸಮ. ಇದರಲ್ಲಿ ನಗಲು ಏನೂ ಇಲ್ಲ. ಆದರೆ ಅದೇ ಲೆಕ್ಕವನ್ನು ಮುಂದೆ ಓದಿ. ಸತ್ತವರಲ್ಲಿ 100ಕ್ಕೆ 44 ಮಂದಿ ದ್ವಿಚಕ್ರ ವಾಹನದವರು, ಸುಮಾರು ಐವರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು. ನಡೆದು ಹೋಗುತ್ತಿದ್ದವರಿಗೆ ಯಾವ ಕೋರ್ಸ್ ಕೊಡುತ್ತೀರಿ?

ಇಲ್ಲಿಂದ ಮುಂದೆ ಪಾರಿಭಾಷಿಕ ಪದಗಳನ್ನು ಬಿಡುತ್ತೇನೆ. ಅವುಗಳಿಂದ ನನಗೇ ಸಾಕಾಗಿದೆ.

2019ರ ಅದೇ ತಿದ್ದುಪಡಿಯಲ್ಲಿ 198ಎ ಎಂಬ ಸೆಕ್ಷನ್ ಇದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರು ಗುಣಮಟ್ಟ ಪಾಲಿಸದೆ ಅದರಿಂದ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಅವರಿಗೆ ದಂಡ ಎಂದು ಅದು ಹೇಳುತ್ತದೆ. ಎಷ್ಟು ದಂಡ? ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ. ಅದನ್ನು ವಿಧಿಸುವ ಮುನ್ನ ನ್ಯಾಯಾಲಯ ಹಲವು ಸಂಗತಿ ತೂಗಿ ನೋಡಬೇಕೆಂದೂ ಕಾಯ್ದೆಯೇ ಬರೆದಿಟ್ಟಿದೆ: ಆ ರಸ್ತೆಯಲ್ಲಿ ಎಂಥ ವಾಹನಗಳು ಓಡಾಡುತ್ತವೆ, ಅಲ್ಲಿ ಎಂಥ ನಿರ್ವಹಣೆ ನಿರೀಕ್ಷಿಸಬಹುದಿತ್ತು, ಅಪಾಯ ಅವರಿಗೆ ಗೊತ್ತಿತ್ತೇ, ದುರಸ್ತಿಗೆ ಅವಕಾಶವಿತ್ತೇ, ಎಚ್ಚರಿಕೆಯ ಫಲಕ ಹಾಕಿದ್ದರೇ. ರಸ್ತೆ ಮಾಡಿದವನ ಮನಸ್ಥಿತಿ, ಪರಿಸ್ಥಿತಿಗೆ ಇಷ್ಟು ಮೃದುವಾದ ಕಾನೂನು ಸ್ಕೂಟರ್ ಸವಾರನ ಮುಂದಿನ ಚಕ್ರದ ವಿಷಯದಲ್ಲಿ ಒಂದು ಫೋಟೋ ಸಾಕೆನ್ನುತ್ತದೆ. ಗೆರೆ ಕಂಡಿತ್ತೇ ಎಂದು ಅವನನ್ನು ಕೇಳುವವರಿಲ್ಲ.

ಪೀಣ್ಯಕ್ಕೆ ಬನ್ನಿ. ಡಾ. ಶಿವಕುಮಾರ ಸ್ವಾಮೀಜಿಯವರ ಹೆಸರಿನ ಮೇಲ್ಸೇತುವೆಯ ಕೇಬಲ್ಲುಗಳಲ್ಲಿ ದೋಷ ಕಂಡು 2021ರ ಡಿಸೆಂಬರ್‌ನಲ್ಲಿ ಅದನ್ನು ಮುಚ್ಚಿದರು. ಎರಡು ತಿಂಗಳ ಮೇಲೆ ಸಣ್ಣ ವಾಹನಗಳನ್ನು ಬಿಟ್ಟರು. ಲಾರಿ, ಬಸ್ಸುಗಳು ಮತ್ತೆ ಹತ್ತಿದ್ದು 2024ರ ಜುಲೈನಲ್ಲಿ. ತುಮಕೂರು ರಸ್ತೆಯ ಭಾರೀ ವಾಹನಗಳೆಲ್ಲ ಎರಡೂವರೆ ವರ್ಷ ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್, ದಾಸರಹಳ್ಳಿಯ ಕೆಳರಸ್ತೆಯಲ್ಲಿ ತೆವಳಿದವು. ಪಾಳಿ ಮುಗಿಸಿದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಅವೇ ಲಾರಿಗಳ ಚಕ್ರಗಳ ನಡುವೆ ಕೈಯೆತ್ತಿ ರಸ್ತೆ ದಾಟಿದರು. ಸೇತುವೆ ಕಟ್ಟಿದವರಿಗೆ ಮೊದಲ ಸ್ಲೈಡಿನಿಂದ ಕೊನೆಯ ಸ್ಲೈಡಿನವರೆಗೆ, ನಡುವೆ ಎಲ್ಲೂ ಹಾರಿಸಲಾಗದಂಥ ಒಂದು ಕೋರ್ಸ್ ಕಡ್ಡಾಯ ಮಾಡಿದ್ದರೆ ನಾನು ಈ ಅಣಕು ಬರೆಯುತ್ತಿರಲಿಲ್ಲ.

ಇನ್ನೊಂದು ಮಾತು. ಈ ಕೋರ್ಸ್ ಇಂಗ್ಲಿಷಿನಲ್ಲಿದೆ, ಹಿಂದಿ ಉಪಶೀರ್ಷಿಕೆಯೊಂದಿಗೆ. ರಾತ್ರಿ ಪಾಳಿಯ ನೌಕರರನ್ನು ಮನೆ ಮುಟ್ಟಿಸುವ ಕ್ಯಾಬಿನ ಚಾಲಕ ಮಂಡ್ಯದವನು, ಮಧುಗಿರಿಯವನು, ಚಿಂತಾಮಣಿಯವನು. ಇಡೀ ಕಂಪನಿಯಲ್ಲಿ ಅತಿ ಹೆಚ್ಚು ಹೊತ್ತು ಸ್ಟಿಯರಿಂಗ್ ಹಿಡಿಯುವವನು ಅವನೇ. ಅವನಿಗೂ ಲಾಗಿನ್ ಕೊಟ್ಟಿದ್ದಾರೆ, ಅವನೂ ನೀಲಿಯಾದಾಗ ಒತ್ತಿದ್ದಾನೆ, ಸರ್ಟಿಫಿಕೇಟು ಬಂದಿದೆ. ಅದರಲ್ಲಿ ಏನು ಹೇಳಿದರು ಅಂತ ಕೇಳಿದರೆ ನಗುತ್ತಾನೆ. ಆಯಾಸವಾದಾಗ ಗಾಡಿ ನಿಲ್ಲಿಸಿ ವಿಶ್ರಮಿಸಿ ಎಂದು ಹೇಳಿದ್ದಾರಪ್ಪಾ ಎಂದು ನಾನು ಅನುವಾದಿಸಿದೆ. ಅದಕ್ಕೂ ನಕ್ಕ. ಬೆಳಿಗ್ಗೆ ಇನ್ನೊಂದು ಟ್ರಿಪ್ ಇದೆ, ಗಾಡಿಯ ಸಾಲದ ಕಂತು ಇದೆ. ನಿದ್ದೆ ಬಗ್ಗೆ ಸ್ಲೈಡು ತೋರಿಸಿದವರಿಗೆ ಅವನಿಗೆ ನಿದ್ದೆ ಸಿಗುವಂತೆ ಪಾಳಿ ಹಾಕುವ ಅಧಿಕಾರವಿತ್ತು. ಅವರು ಸ್ಲೈಡು ತೋರಿಸಿದರು.

ಸಿದ್ಧಾಂತ

ಈ ಕೋರ್ಸ್ ಸುರಕ್ಷತೆಯನ್ನು ಕಲಿಸುವುದಿಲ್ಲ, ಹೊಣೆಯನ್ನು ವರ್ಗಾಯಿಸುತ್ತದೆ. ನಾಳೆ ನೌಕರ ಬಿದ್ದರೆ, ನಾವು ಹೇಳಿದ್ದೆವಲ್ಲ, ಸರ್ಟಿಫಿಕೇಟು ಇದೆಯಲ್ಲ ಎನ್ನಲು ಕಂಪನಿಗೆ ಒಂದು ಕಾಗದ ಬೇಕಿತ್ತು, ಸಿಕ್ಕಿತು.

ತರಬೇತಿ ವಿಭಾಗದವರಲ್ಲಿ ಅರಿಕೆ: ಕೋರ್ಸನ್ನು ಕನ್ನಡದಲ್ಲಿ ಮಾಡಿಸಿ, ಹಿಮದ ಬದಲು ಮಳೆಯ ರಸ್ತೆ ತೋರಿಸಿ. ಕೋರ್ಸಿಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ಕ್ಯಾಬ್ ಚಾಲಕರಿಗೆ ಗೇಟಿನ ಒಳಗೆ ಮಲಗಲು ಒಂದು ಕೋಣೆ ಕೊಡಿ. ಓದುಗರಲ್ಲಿ ಅರಿಕೆ: ಹೆಲ್ಮೆಟಿನ ಬಕಲ್ ಹಾಕಿಕೊಳ್ಳಿ. ರಸ್ತೆಗುಂಡಿಯಲ್ಲಿ ಬಿದ್ದು ಸತ್ತವರ, ಕೈಕಾಲು ಕಳೆದುಕೊಂಡವರ ಪರವಾಗಿ ದೂರು ಕೊಡಲು ಹೋದಾಗ 198ಎ ಎಂದು ಬಾಯಿಬಿಟ್ಟು ಹೇಳಿ, ಅದನ್ನು ಬರೆದುಕೊಳ್ಳುವ ತನಕ ಠಾಣೆಯ ಬೆಂಚಿನಿಂದ ಏಳಬೇಡಿ.