ಬ್ಯಾಕಪ್ ಕಾಕಾ

ಘಟಪ್ರಭೆಯ ದಂಡೆಯ ಕಬ್ಬಿನ ಸೀಮೆಯಲ್ಲಿ ಈಗ ಓಣಿಗೊಬ್ಬ ಬ್ಯಾಕಪ್ ಕಾಕಾ ಇರುತ್ತಾರೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದವರನ್ನೇ ನೋಡಿ. ವಯಸ್ಸು ಅರವತ್ತು ದಾಟಿದೆ. ತಲೆಯ ಮೇಲೆ ಬಿಳಿ ಟೊಪ್ಪಿಗೆ, ಎದೆಯ ಕಿಸೆಯಲ್ಲಿ ಮೊಬೈಲು. ಸಕ್ಕರೆ ಕಾರ್ಖಾನೆಯ ಕಾಟಾ ಚೀಟಿ, 2019ರಲ್ಲಿ ಹೊಳೆ ಬಂದು ಮುಳುಗಿದ ಹೊಲ, ಬೀಗರ ಮನೆಯ ಸೀಮಂತ, ದಿನಾ ಬೆಳಗ್ಗೆ ತಪ್ಪದೆ ಬರುವ ಗುಲಾಬಿ ಹೂವಿನ ಶುಭೋದಯ, ಯಾವುದನ್ನೂ ಅಳಿಸಿದವರಲ್ಲ. ಮೇಲ್ ಪೆಟ್ಟಿಗೆಯಲ್ಲಿ ಹಳೆಯ ಓಟಿಪಿಗಳೂ ಸುರಕ್ಷಿತ. “ನಾಳೆ ಬೇಕಾದ್ರ ಎಲ್ಲಿಂದ ತರ್ತಿ?”

1 ಜೂನ್ 2021ರ ತನಕ ಗೂಗಲ್ ಫೋಟೋಸ್, ತುಸು ಕುಗ್ಗಿಸಿದ ಚಿತ್ರಗಳನ್ನು ಲೆಕ್ಕವಿಲ್ಲದೆ ಪುಕ್ಕಟೆ ಇಟ್ಟುಕೊಳ್ಳುತ್ತಿತ್ತು. ಆಮೇಲೆ ಹಾಕಿದ್ದೆಲ್ಲ 15 ಜಿಬಿಯ ಲೆಕ್ಕಕ್ಕೆ. ಅದೂ ಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ. ಕಾಕಾಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. “ಮೂರ ಮಂದಿ ಅಣ್ಣತಮ್ಮಂದಿರು, ಒಂದ ಉತಾರ. ಒಬ್ಬಾಂವ ಒತ್ತಿದ್ರ ಉಳದವ್ರು ಬದುವಿನ ಮ್ಯಾಲ!”

ಕೊನೆಗೆ ಜಾಗ ತುಂಬಿದೆ ಎಂದು ಮೊಬೈಲು ಕೂಗತೊಡಗಿತು. ದುಡ್ಡು ಕೊಟ್ಟು ಜಾಗ ಹೆಚ್ಚಿಸಿಕೊಳ್ಳಿ ಎಂದರೆ ಕಾಕಾಗೆ ಸಿಟ್ಟು. “ನನ್ನ ಫೋಟೋ ನಾ ನೋಡಾಕ ತಿಂಗಳಾ ಬಾಡಿಗಿ ಕೊಡ್ಲೇನು?” ಬೆಂಗಳೂರಿನಲ್ಲಿರುವ ತಮ್ಮನ ಮಗ ಫೋನಿನಲ್ಲೇ, ಗೂಗಲ್ಲಿನಲ್ಲಿ ಇಟ್ಟದ್ದನ್ನೆಲ್ಲ ಇಳಿಸಿಕೊಳ್ಳುವ ಟೇಕೌಟ್ ದಾರಿ ತೋರಿಸಿದ. ಎರಡೆರಡು ಜಿಬಿಯ ಜಿಪ್ ಕಡತಗಳ ಲಿಂಕು ಬಂತು. ಇಳಿಸಿಕೊಳ್ಳಲು ಏಳೇ ದಿನ. ಕರೆಂಟು ಇದ್ದಾಗ ನೆಟ್ಟಿಲ್ಲ, ನೆಟ್ಟಿದ್ದಾಗ ಕಾಕಾ ತೋಟದಲ್ಲಿ. ಅಂತೂ ಎಲ್ಲ ಹಾರ್ಡ್ ಡಿಸ್ಕಿಗೆ ಇಳಿಯಿತು.

ಅಲ್ಲಿಂದ ವಿಂಗಡಣೆಯ ಪರ್ವ. ಹಳೇ ಆಲ್ಬಮ್ಮಿನ ತಮ್ಮ ಲಗ್ನದ ಚಿತ್ರವನ್ನು ಮೊಬೈಲಿನಲ್ಲಿ ಹೊಡೆದು, ಆ್ಯಪಿನಲ್ಲಿ ಲಗ್ನದ ತಾರೀಖು ತುಂಬಿಟ್ಟಿದ್ದರು. ಟೇಕೌಟ್ ಆ ತಿದ್ದಿದ ತಾರೀಖನ್ನು ಪಕ್ಕದ ಜೇಸನ್ ಎಂಬ ಪುಟ್ಟ ಕಡತದಲ್ಲಿಟ್ಟು ಕಳಿಸುತ್ತದೆ. ಡಿಸ್ಕಿನಲ್ಲಿ ಚಿತ್ರದ ಮುಂದೆ ಇವತ್ತಿನ ತಾರೀಖು ಕಂಡಿತು. ಕಾಕಾನ ಹೆಂಡತಿ ಕಾಕು ಇಣುಕಿ ನೋಡಿದರು. “ಲಗ್ನ ಇವತ್ತ ಆಗೇತೇನ್ರಿ? ಹಂಗಾರ ರಬಕವಿಗೆ ಹೋಗಿ ಸೀರಿ ತರ್ರಿ.”

ವರ್ಷದ ಮೇಲೆ ನಂಬಿಕೆ ಹೋದ ಕಾಕಾ ಎರಡೇ ಫೋಲ್ಡರ್ ಮಾಡಿದರು: ‘ಮಾತಾಡ್ತಾರ’, ‘ಮಾತಾಡೂದಿಲ್ಲ’. ಬದುವಿನ ಜಗಳವಾದ ದಿನ ದಾಯಾದಿಗಳೆಲ್ಲ ಎರಡನೆಯದಕ್ಕೆ ವರ್ಗ. ಜಾತ್ರೆಯಲ್ಲಿ ಕೂಡಿ ಊಟ ಮಾಡಿದರೆ ವಾಪಸು. ಗುಂಪಿನ ಫೋಟೋದಲ್ಲಿ ಎರಡೂ ಪಕ್ಷದವರು ಇರುವುದರಿಂದ ಅದಕ್ಕೆ ಎರಡೂ ಕಡೆ ಪ್ರತಿ. ಆಲ್ಬಮ್ಮಿನ ಚಿತ್ರಗಳನ್ನು ಟೇಕೌಟ್ ಮೊದಲೇ ವರ್ಷದ ಫೋಲ್ಡರಿಗೊಂದು, ಆಲ್ಬಮ್ಮಿಗೊಂದು ಎಂದು ಹಂಚಿತ್ತು. ಹೀಗೆ ಒಬ್ಬ ಬೀಗ ನಾಲ್ಕು ಕಡೆ ನಗುತ್ತ ನಿಂತ.

ಮೇಲುಗಳದ್ದು ಇನ್ನೊಂದು ಕಥೆ. ಅಷ್ಟೂ ಎಂಬಾಕ್ಸ್ ಎಂಬ ಒಂದೇ ಕಡತವಾಗಿ ಬಂದಿದ್ದವು. ಥಂಡರ್‌ಬರ್ಡಿನಲ್ಲಿ ತೆರೆಯಬಹುದೆಂದು ಹುಡುಗ ಹೇಳಿದ. “ತೆರಿಯೂದ್ಯಾಕ? ಇದ್ದಾವಲ್ಲ, ಸಾಕು.”

ಇಷ್ಟಾದರೂ ಮೊಬೈಲಿನಲ್ಲಿ ಅದೇ ಕೂಗು: ಜಾಗ ತುಂಬಿದೆ. ಟೇಕೌಟ್ ಕೊಡುವುದು ನಕಲು; ಮೂಲವನ್ನು ನಾವೇ ಅಳಿಸಬೇಕು. ಅಳಿಸಿದರೂ ಬ್ಯಾಕಪ್ ಆದ ಫೋಟೋಗಳು 60 ದಿನ ಕಸದ ಬುಟ್ಟಿಯಲ್ಲಿರುತ್ತವೆ ಎಂದು ಹುಡುಗ ಧೈರ್ಯ ಹೇಳಿದ. ಕಾಕಾ ಬಗ್ಗಲಿಲ್ಲ. ಮೇಲಾಗಿ ಹೊಸ ಚಿಂತೆ: ಡಿಸ್ಕ್ ಕೆಟ್ಟರೆ?

ಮರುದಿನವೇ ಕಾಕು ಹೆಸರಿನಲ್ಲಿ ಹೊಸ ಖಾತೆ, ಹೊಸ 15 ಜಿಬಿ. ಡಿಸ್ಕಿನಲ್ಲಿದ್ದದ್ದು ಮತ್ತೆ ಮೇಲೇರತೊಡಗಿತು. ಕಾಕು ರೊಟ್ಟಿ ಬಡಿಯುತ್ತಲೇ ಅಂದರು: “ಇಷ್ಟ ವರ್ಷದಾಗ ನನ್ನ ಹೆಸರಿಗೆ ಒಂದ ಗುಂಟೆ ಹಚ್ಚಲಿಲ್ಲ. ಈಗ ನೋಡ್ರಿ, ಊರ ಮಂದೀ ಶುಭೋದಯ ಎಲ್ಲಾ ನನ್ನ ಹೆಸರಿಗೆ!”